ಮಸಾಜ್ ಕಲಿಯಲು ಶಾಲೆಯೋ, ಅನುಭವಿಯ ಕೈಕೆಳಗೋ, ಆನ್‌ಲೈನೋ?

ಲೈಸೆನ್ಸ್ ಕಡ್ಡಾಯವಿರುವ ಕಡೆ ದುಡಿಯುವುದಾದರೆ ಮಾನ್ಯತೆ ಪಡೆದ ಶಾಲೆಯೇ ದಾರಿ. ಲೈಸೆನ್ಸಿಗೆ ಎಷ್ಟು ಗಂಟೆಗಳ ತರಬೇತಿ ಕೇಳುತ್ತಾರೆಂದು ಸೇರುವ ಮುಂಚೆಯೇ ನೋಡಿಕೊಳ್ಳಿ. ಖರ್ಚು ಹೆಚ್ಚು, ನಿಜ. ಆದರೆ ಅಂಗರಚನೆಯನ್ನೂ ಯಾರಿಗೆ ಮಸಾಜ್ ಮಾಡಕೂಡದು ಎಂಬುದನ್ನೂ ಕ್ರಮವಾಗಿ ಕಲಿಸುವುದು ಅಲ್ಲೇ. ಉದಾಹರಣೆಗೆ, ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಅನುಭವಿಯ ಕೈಕೆಳಗೆ ಕೈ ಬೇಗ ಪಳಗುತ್ತದೆ. ಹೆಬ್ಬೆರಳಿನಿಂದಲೇ ಒತ್ತುವ ಚಾಳಿಯನ್ನು ಆಗಿಂದಾಗಲೇ ತಿದ್ದುತ್ತಾರೆ: ಮಣಿಕಟ್ಟು ನೇರ, ಒತ್ತಡ ಮೈಭಾರದಿಂದ. ಇಲ್ಲದಿದ್ದರೆ ಮೊದಲು ಕೆಡುವುದು ನಿಮ್ಮ ಕೀಲೇ. ಅವರ ತಪ್ಪುಗಳೂ ನಿಮಗಂಟುತ್ತವೆ, ಅದು ಬೇರೆ ಮಾತು.

ಆನ್‌ಲೈನ್ ಅಗ್ಗ. ಸ್ನಾಯುಗಳ ಹೆಸರು ಬಾಯಿಪಾಠ ಮಾಡಲು, ಈಗಾಗಲೇ ಕೆಲಸದಲ್ಲಿರುವವರು ಹೊಸ ವಿಧಾನದ ಪರಿಚಯ ಮಾಡಿಕೊಳ್ಳಲು ಸರಿ. ಒತ್ತಡ ಹೆಚ್ಚಾಯಿತೆಂದು ಪರದೆ ಹೇಳುವುದಿಲ್ಲ.