ಓಶಿಯಾನಾ ಸುತ್ತಲಿನ ಸದ್ದಿನ ನಕ್ಷೆ: ಮನೆ ಕೊಳ್ಳುವ ಮೊದಲು ನೋಡಿ, ಆಮೇಲೆ ಹೋಗಿ ಕಿವಿಯಾರೆ ಕೇಳಿ

ಅಮೆರಿಕದ ವರ್ಜೀನಿಯಾ ಬೀಚ್ ನಗರದಲ್ಲಿ ಮನೆ ಹುಡುಕುತ್ತಿರುವ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿನ ನಗರಾಡಳಿತ ಎಐಸಿಯುಝಡ್ ನಕ್ಷೆ ಅಂತ ಒಂದನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ನೌಕಾಪಡೆಯ ಓಶಿಯಾನಾ ವಿಮಾನ ನೆಲೆಯ ಸುತ್ತ ಯಾವ ಜಾಗದಲ್ಲಿ ಎಷ್ಟು ಸದ್ದು, ಎಲ್ಲಿ ಅಪಘಾತದ ಭಯ ಜಾಸ್ತಿ ಅನ್ನುವುದನ್ನು ಅದು ಬಣ್ಣ ಹಚ್ಚಿ ತೋರಿಸುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ನಾವು ಇದನ್ನು ನೋಡಿದ್ದು ತಡವಾಗಿ. ನಮ್ಮ ಏಜೆಂಟ್ ಮನೆ ತೋರಿಸುವಾಗ ವಿಮಾನದ ಮಾತೇ ಎತ್ತಲಿಲ್ಲ. ಸಹಿ ಹಾಕುವ ಹೊತ್ತಿಗೆ ಕಾಗದದ ಕಟ್ಟಿನ ನಡುವೆ ಒಂದು ಹಾಳೆ ಸಿಕ್ಕಿತು, ನಿಮ್ಮ ಮನೆ 65ರಿಂದ 70 ಡೆಸಿಬಲ್ ವಲಯದಲ್ಲಿದೆ ಅಂತ. ಆ ಹಾಳೆಯನ್ನು ಮೊದಲ ದಿನವೇ ಕೇಳಿ ಪಡೆಯಿರಿ.

ನಕ್ಷೆಯ ದೊಡ್ಡ ಕೊರತೆ ಆ ಸಂಖ್ಯೆಯಲ್ಲೇ ಇದೆ. 65 ಅಂದರೆ ಹಗಲು ರಾತ್ರಿ ಸೇರಿಸಿ ತೆಗೆದ ಸರಾಸರಿ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಸದ್ದಿಗೆ 10 ಡೆಸಿಬಲ್ ಜಾಸ್ತಿ ಸೇರಿಸಿ ಲೆಕ್ಕ ಹಾಕುತ್ತಾರೆ, ಅದು ಸರಿಯೇ. ಆದರೆ ಕಿವಿಗೆ ಬೀಳುವುದು ಸರಾಸರಿ ಅಲ್ವಲ್ಲ, ಒಂದೊಂದೇ ವಿಮಾನ. ಸೂಪರ್ ಹಾರ್ನೆಟ್ ಯುದ್ಧವಿಮಾನ ತಲೆ ಮೇಲೆ ಹೋದರೆ ಫೋನಿನಲ್ಲಿ ಮಾತು ನಿಲ್ಲಿಸಬೇಕು, ಮಲಗಿದ ಮಗು ಎದ್ದು ಕೂರುತ್ತದೆ. ಮಾರನೇ ದಿನ ಪೂರ್ತಿ ನಿಶ್ಶಬ್ದ. ಒಂದು ವಿಮಾನ ಹೋದಾಗ ಸದ್ದು ಎಷ್ಟಕ್ಕೆ ಏರುತ್ತದೆ ಅನ್ನುವುದನ್ನೂ ಪಕ್ಕದಲ್ಲೇ ತೋರಿಸಿದ್ದರೆ ನಮ್ಮಂಥವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಹಾಗಂತ ನೆಲೆಯ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದ ಚೆಸಪೀಕ್‌ನ ಫೆಂಟ್ರೆಸ್ ಎಂಬ ಚಿಕ್ಕ ನಿಲ್ದಾಣದಲ್ಲಿ ಪೈಲಟ್‌ಗಳು ಹಡಗಿನ ಮೇಲೆ ಇಳಿಯುವುದನ್ನು ಕಲಿಯುತ್ತಾರೆ. ಇಳಿದು, ಚಕ್ರ ತಾಗಿಸಿ, ಮತ್ತೆ ಮೇಲೆ. ರಾತ್ರಿಯ ಸಮುದ್ರದಲ್ಲಿ ದೀಪಗಳಿರುವುದಿಲ್ಲ, ಹಾಗಾಗಿ ಅಭ್ಯಾಸಕ್ಕೂ ಕತ್ತಲು ಬೇಕು. ಸುತ್ತ ಬಡಾವಣೆ ಬಂದು ಬೀದಿ ದೀಪ ಹೆಚ್ಚಾದಷ್ಟೂ ಆ ಕತ್ತಲು ಕಡಿಮೆಯಾಗುತ್ತದೆ. ನಮ್ಮ ಮನೆಯಿಂದಲೂ ಅವರಿಗೆ ತೊಂದರೆ ಇದೆ ಅಂತ ನನಗೆ ಹೊಳೆದಿದ್ದು ಆಗಲೇ.

ಊರು ಇದನ್ನು ಕಲಿತದ್ದು ಸುಲಭವಾಗಿ ಅಲ್ಲ. 1999ರಲ್ಲಿ ಫ್ಲಾರಿಡಾದ ಸೆಸಿಲ್ ಫೀಲ್ಡ್ ನೌಕಾ ವಿಮಾನ ನೆಲೆ ಮುಚ್ಚಿದಾಗ ಅಲ್ಲಿನ ಹಾರ್ನೆಟ್‌ಗಳಲ್ಲಿ ಬಹಳಷ್ಟು ಇಲ್ಲಿಗೆ ಬಂದವು, ಮನೆಗಳೂ ಬೆಳೆಯುತ್ತಲೇ ಇದ್ದವು. 2005ರಲ್ಲಿ ನೆಲೆಗಳನ್ನು ಮುಚ್ಚುವ ಆಯೋಗ ಕಟ್ಟುನಿಟ್ಟಾಗಿ ಹೇಳಿತು: ನೆಲೆಯ ಹತ್ತಿರಕ್ಕೆ ಮನೆಗಳು ಒತ್ತಿಕೊಂಡು ಬರುವುದನ್ನು ನಿಲ್ಲಿಸಿ, ಅಪಾಯದ ವಲಯದ ಜಾಗ ಕೊಳ್ಳಲು ವರ್ಷಕ್ಕೆ ಕನಿಷ್ಠ 1.5 ಕೋಟಿ ಡಾಲರ್ ಖರ್ಚು ಮಾಡಿ, ಇಲ್ಲದಿದ್ದರೆ ಜೆಟ್‌ಗಳು ಹೋಗುತ್ತವೆ. ಆಮೇಲೆ ನಗರ ನಿಯಮ ಬಿಗಿ ಮಾಡಿತು, ಮಾರಲು ಒಪ್ಪಿದವರಿಂದ ಜಾಗ ಕೊಳ್ಳುತ್ತಾ ಬಂತು. ಇದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ, ಕಟ್ಟಡ ಕಟ್ಟುವವರಿಗೆ ಇಷ್ಟವಾಗದಿದ್ದರೂ. 2012ರ ಏಪ್ರಿಲ್‌ನಲ್ಲಿ ಒಂದು ಹಾರ್ನೆಟ್ ಹಾರಿದ ಸ್ವಲ್ಪ ಹೊತ್ತಿಗೇ ಎರಡೂ ಎಂಜಿನ್ ಕೈಕೊಟ್ಟು ಅಪಾರ್ಟ್‌ಮೆಂಟ್‌ಗಳ ಮೇಲೆ ಬಿತ್ತು. ಯಾರೂ ಸಾಯಲಿಲ್ಲ, ಅದು ದೊಡ್ಡ ಪುಣ್ಯ. ನಕ್ಷೆಯಲ್ಲಿ ಎಪಿಝಡ್-1, ಎಪಿಝಡ್-2 ಎಂಬ ಅಪಘಾತ ಸಾಧ್ಯತೆಯ ವಲಯಗಳನ್ನು ನೋಡುವಾಗ ಆ ದಿನ ನೆನಪಿರಲಿ. ಸದ್ದಿಗಾದರೂ ಕಿಟಕಿ ಬದಲಾಯಿಸಬಹುದು.

ನಕ್ಷೆಗೆ 5ಕ್ಕೆ 4 ಕೊಡುತ್ತೇನೆ. ನಾವು ಇಲ್ಲೇ ಉಳಿದಿದ್ದೇವೆ, ದಪ್ಪ ಗಾಜು ಹಾಕಿಸಿದ್ದೇವೆ, ಹಿತ್ತಲಲ್ಲಿ ಕೂತಾಗ ಮಾತ್ರ ಅದರಿಂದ ಏನೂ ಉಪಯೋಗವಿಲ್ಲ. ನೀವು ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ. ವಾರದ ನಡುವೆ ಎರಡು ಮೂರು ರಾತ್ರಿ ಹೋಗಿ, ಆ ಬೀದಿಯಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಒಂದು ಗಂಟೆ ಕೂತಿರಿ.