ಹಸುವಿನ ಮಿಲ್ಕಿಂಗ್ ಮೆಷಿನ್ "ಮೇಕೆಗೂ ನಡೆಯುತ್ತೆ" ಅಂದರೆ ನಂಬಬೇಡಿ

ಬೀಟಲ್, ಜಮುನಾಪಾರಿ ಥರದ ಹಾಲಿನ ಮೇಕೆ ಕಟ್ಟಿರುವವರು ಮೆಷಿನ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ. "ಹಸು, ಎಮ್ಮೆ, ಮೇಕೆ, ಎಲ್ಲಕ್ಕೂ ಇದೇ ಸರ್" ಅಂತ ಡೀಲರ್ ನಮಗೆ ಸಾಗಹಾಕಿದ್ದು ಅಪ್ಪಟ ಹಸುವಿನ ಮೆಷಿನ್. ತೊಟ್ಟಿಗೆ ಹಾಕುವ ನಾಲ್ಕು ಕಪ್‌ನಲ್ಲಿ ಎರಡಕ್ಕೆ ರಬ್ಬರ್ ಬಿರಡೆ ಜಡಿದು, ಬಿಲ್ಲಿನಲ್ಲಿ ಮಾತ್ರ ಮೇಕೆ ಮೆಷಿನ್ ಅಂತ ಬರೆದಿದ್ದರು.

ಮೊದಮೊದಲು ಹಾಲು ಚೆನ್ನಾಗೇ ಇಳೀತು. ಬರಬರುತ್ತಾ ಕಪ್ ಕಂಡರೇ ಮೇಕೆಗಳು ಒದೆಯತೊಡಗಿದವು. ಕಪ್ ಕಳಚಿದಾಗ ತೊಟ್ಟಿನ ಬುಡದಲ್ಲಿ ಬಿಗಿ ಬಳೆ ತೆಗೆದಂತೆ ಕೆಂಪು ಗುರುತು, ತುದಿ ಊದಿ ಗಟ್ಟಿ. ಚೆನ್ನಾಗಿ ಹಾಲು ಕೊಡುತ್ತಿದ್ದ ಮೇಕೆಯ ಮೊದಲ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿದರೆ ಬಿಳಿ ಗರಣೆ. ಕೆಚ್ಚಲು ಬಾವು! ಇಂಜೆಕ್ಷನ್ ಕೊಡಿಸಿದರೂ ಒಂದು ಭಾಗ ಕಲ್ಲಾಯಿತು. ಮೇಕೆಗೆ ಇರೋದೇ ಎರಡು ತೊಟ್ಟು, ಒಂದು ಹೋದರೆ ಅರ್ಧ ಹಾಲು ಹೋದ ಹಾಗೆ. ಡೀಲರ್‌ಗೆ ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ ಬಿಡಿ" ಅಂದರು. ಯಾರಿಗೆ ಅಭ್ಯಾಸ, ಮೇಕೆಗೋ ನಮಗೋ?

ಡಾಕ್ಟರ್ ಬಂದವರೇ ವ್ಯಾಕ್ಯೂಮ್ (ಹಾಲು ಹೀರುವ ಸೆಳೆತ) ತೋರಿಸುವ ಮೀಟರ್ ನೋಡಿದರು: 50 ಕಿಲೋಪಾಸ್ಕಲ್. ಮೇಕೆಗೆ 37–40 ಸಾಕು. ತೊಟ್ಟನ್ನು ಹೀರಿ ಬಿಡುವ ಹಾಗೆ ಮಾಡುವ ಪಲ್ಸೇಟರ್ ನಿಮಿಷಕ್ಕೆ 60 ಸಲ ಬಡಿಯುತ್ತಿತ್ತು. ಹಸುವಿಗೆ ಅದು ಸರಿ, ಮೇಕೆಗೆ 90ರ ಆಸುಪಾಸು ಇರಬೇಕು. ಕಪ್ ಒಳಗಿನ ರಬ್ಬರ್ ಕೊಳವೆ, ಅಂದರೆ ಲೈನರ್‌ನ ಬಾಯಿ ಅಗಲವಾದ್ದರಿಂದ ಕಪ್ ಮೇಲಕ್ಕೇರಿ ಕೆಚ್ಚಲನ್ನೇ ಹಿಡಿಯುತ್ತಿತ್ತು. ಬಿರಡೆ ಸಂದಿಯಿಂದ ಗಾಳಿ ನುಗ್ಗಿದಾಗ ಹಾಲಿನ ಹನಿ ತಿರುಗಿ ತೊಟ್ಟಿನ ತುದಿಗೆ ಬಡಿಯುತ್ತದಂತೆ, ಸೋಂಕು ಒಳಹೊಗುವುದಕ್ಕೆ ಅದೊಂದು ದಾರಿ.

ಇದಕ್ಕೆಲ್ಲ ಕಿರೀಟವಿಟ್ಟ ಹಾಗೆ, ಮೆಷಿನ್ ಜೋಡಿಸಲು ಬಂದ ಹುಡುಗ "ಕೊನೇ ಹನಿವರೆಗೂ ಬಿಡಿ" ಅಂತ ಹೇಳಿಕೊಟ್ಟು ಹೋಗಿದ್ದ. ಮೇಕೆಯ ಹಾಲು ಬಹುಪಾಲು ಕೆಚ್ಚಲಿನ ಕೆಳಗಿನ ಚೀಲದಲ್ಲೇ ತುಂಬಿರುತ್ತೆ, ಎರಡು ಮೂರು ನಿಮಿಷಕ್ಕೆ ಮುಗಿಯುತ್ತೆ. ಧಾರೆ ನಿಂತ ಮೇಲೂ ಎಳೆದರೆ ಬರಿ ತೊಟ್ಟನ್ನೇ ಹೀರಿದಂತೆ. ಮೊದಲು ವ್ಯಾಕ್ಯೂಮ್ ಬಂದ್ ಮಾಡಿ, ಆಮೇಲೆ ಕಪ್ ಬಿಡಿಸಿ, ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಇದನ್ನು ಅವನು ಹೇಳಲೇ ಇಲ್ಲ.

ಆ ಮೆಷಿನ್ ಈಗ ನಮ್ಮ ಭಾವನ ಕೊಟ್ಟಿಗೆಯಲ್ಲಿ ಹಸುಗಳಿಗೆ ಚೆನ್ನಾಗಿಯೇ ನಡೆಯುತ್ತಿದೆ. ನೀವು ಕೊಳ್ಳುವುದಾದರೆ ದುಡ್ಡು ಎಣಿಸೋ ಮೊದಲು ಮೆಷಿನ್ ಓಡಿಸಿ, ಲೈನರ್ ಒಳಗೆ ಹೆಬ್ಬೆರಳಿಟ್ಟು ಗಡಿಯಾರ ನೋಡುತ್ತಾ ಬಡಿತ ಎಣಿಸಿ. ಎರಡೇ ಕಪ್‌ ಇರುವ ಸೆಟ್, ಮೇಕೆ ಲೈನರ್, ವ್ಯಾಕ್ಯೂಮ್ ಇಳಿಸುವ ರೆಗ್ಯುಲೇಟರ್, ಮೂರೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.