ವಿಕಿಮೀಡಿಯ ಕಾಮನ್ಸ್: ಅಡಿಕೆ ಸಿಕ್ಕಿತು, ಕೊಟ್ಟೆ ಸಿಗಲಿಲ್ಲ

ಅಡಿಕೆ ಮರ ಏರಿ ಕೊನೆ (ಗೊನೆ) ಇಳಿಸುವ ಕೊನೆಗಾರರ ಬರ ಎಷ್ಟಿದೆ ಎಂದು ತೀರ್ಥಹಳ್ಳಿ ಕಡೆ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಮರ ಏರುವುದು, ಔಷಧಿ ಹೊಡೆಯುವುದು, ಕೊನೆ ಇಳಿಸುವುದು ಇವನ್ನು ಹೊಸ ಹುಡುಗರಿಗೆ ಕಲಿಸುವ ಕೆಲಸ ನನ್ನದು. ಅದಕ್ಕೊಂದು ಕೈಪಿಡಿ ಮಾಡಿದ್ದೇನೆ, ಬೆಲೆ 60 ರೂಪಾಯಿ. ಎರಡನೆಯ ಮುದ್ರಣಕ್ಕೆ ಬಹುಪಾಲು ಚಿತ್ರಗಳನ್ನು ಮುಕ್ತ ಪರವಾನಗಿಯ ಚಿತ್ರಗಳ ಜಾಲತಾಣವಾದ ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದುಕೊಂಡೆ. ಒಂದು ಮಳೆಗಾಲ ಅದರೊಂದಿಗೆ ಏಗಿದ ಮೇಲೆ ಬರೆಯುತ್ತಿದ್ದೇನೆ.

ಮೊದಲ ಮುದ್ರಣದಲ್ಲಿ ನಾನು ಮಾಡಿದ್ದು ಕಳ್ಳತನ, ಬೇರೆ ಹೆಸರಿಲ್ಲ. ಗೂಗಲ್‌ನಲ್ಲಿ ಕಂಡ, ಮಳೆಗಾಲದಲ್ಲಿ ಅಡಿಕೆ ಕಾಯಿಗೆ ತಗುಲುವ ಕೊಳೆರೋಗದ ಫೋಟೊ ಎತ್ತಿ ಮುಖಪುಟಕ್ಕೆ ಹಾಕಿದ್ದೆ. ಹದಿನೈದು ದಿನಕ್ಕೆ ಸಾಗರದ ಕಡೆಯ ಛಾಯಾಗ್ರಾಹಕರೊಬ್ಬರ ಫೋನ್ ಬಂತು. ಅವರು ಜಗಳವಾಡಲಿಲ್ಲ. "ಬೇಲಿ ಇರಲಿಲ್ಲ ಎಂದು ನಿಮ್ಮ ತೋಟದ ಕೊನೆಯನ್ನು ಯಾರಾದರೂ ಇಳಿಸಿಕೊಂಡು ಹೋದರೆ ಸುಮ್ಮನಿರುತ್ತೀರಾ ಮಾರಾಯರೇ?" ಎಂದರು. ಉಳಿದಿದ್ದ 300 ಪ್ರತಿಗಳ ಮುಖಪುಟ ಕಿತ್ತು ಹೊಸದು ಹಾಕಿಸಿದೆ.

"ಶಿಕ್ಷಣಕ್ಕೆ ಕಾನೂನಿನಲ್ಲಿ ರಿಯಾಯಿತಿ ಇದೆಯಲ್ಲ" ಎಂದು ನಮ್ಮ ಬಾವ ವಾದಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಇದೆ ನಿಜ. ವಿದ್ಯಾರ್ಥಿಗಳಿಗೆ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿ ಕೊಟ್ಟ ದೆಹಲಿ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2016ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಸಾಕಷ್ಟು ಉದಾರವಾಗಿಯೇ ಓದಿತು. ಆದರೆ ಅದು ಗುರು ಶಿಷ್ಯರ ನಡುವಿನ ಪಾಠದ ಮಾತು. ಅಂಗಡಿಯಲ್ಲಿಟ್ಟು ಮಾರುವ ಪುಸ್ತಕವನ್ನು ಆ ಕೊಡೆಯ ಕೆಳಗೆ ತೂರಿಸುವ ಧೈರ್ಯ ನನಗಿಲ್ಲ.

ಕಾಮನ್ಸ್ 2004ರಿಂದ ನಡೆಯುತ್ತಿದೆ, ಹತ್ತು ಕೋಟಿಗೂ ಮಿಕ್ಕಿ ಕಡತಗಳಿವೆ. ನನಗೆ ತುಂಬ ಹಿಡಿಸಿದ್ದು ಅದರ ಬಾಗಿಲಿನ ಕಟ್ಟುನಿಟ್ಟು. ವಾಣಿಜ್ಯಕ್ಕೆ ಸಲ್ಲದು, ತಿದ್ದಬಾರದು ಎಂಬ ಷರತ್ತಿನ ಚಿತ್ರಗಳನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬೇರೆ ತಾಣಗಳಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ ಕಂಡು ಹಿಗ್ಗಿದರೆ ಪಕ್ಕದಲ್ಲೇ 'ಎನ್‌ಸಿ', ಅಂದರೆ ವಾಣಿಜ್ಯಕ್ಕೆ ಸಲ್ಲದು ಎಂಬ ಷರತ್ತು ಕುಳಿತಿರುತ್ತದೆ. ಶುಲ್ಕ ಪಡೆಯುವ ತರಬೇತಿ ವಾಣಿಜ್ಯವೋ ಅಲ್ಲವೋ ಎಂದು ನಾವು ತಲೆ ಕೆರೆದುಕೊಳ್ಳಬೇಕು. ಇಲ್ಲಿ ಆ ಗೋಜಿಲ್ಲ.

ಆದರೂ ಪ್ರತಿ ಚಿತ್ರದ ಕೆಳಗಿನ ಪರವಾನಗಿಯನ್ನು ಓದಲೇಬೇಕು. 'ಬಿವೈ' ಎಂದಿದ್ದರೆ ತೆಗೆದವರ ಹೆಸರು, ಪರವಾನಗಿಯ ವಿವರ ಹಾಕಿದರಾಯಿತು, ತಿದ್ದಿದ್ದರೆ ತಿದ್ದಿದ್ದೇನೆ ಎಂದು ಹೇಳಬೇಕು. 'ಎಸ್‌ಎ' ಸೇರಿಕೊಂಡರೆ ಇನ್ನೊಂದು ಕಟ್ಟಳೆ. ರೋಗ ತಗುಲಿದ ಕಾಯಿಯ ಫೋಟೊಗೆ ಬಾಣ ಬರೆದು ಕನ್ನಡದಲ್ಲಿ ಹೆಸರು ಹಚ್ಚಿದೆ. ಹಾಗೆ ತಿದ್ದಿದ ಚಿತ್ರವನ್ನು ಅದೇ ಷರತ್ತಿನಲ್ಲಿ ಊರಿಗೆಲ್ಲ ಬಿಟ್ಟುಕೊಡಬೇಕು. ಇಡೀ ಕೈಪಿಡಿಯೇ ಹೋಯಿತೇನೋ ಎಂದು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಹಾಗೇನಿಲ್ಲ, ಚಿತ್ರದ ಜೊತೆ ಬೇರೆಯಾಗಿ ನಿಂತಿರುವ ನನ್ನ ಬರಹಕ್ಕೆ ಅದು ಅಂಟುವುದಿಲ್ಲ.

ಹೆಸರು ಹಾಕುವ ಸಾಲನ್ನು ಕಾಮನ್ಸ್ ತಾನೇ ಸಿದ್ಧ ಮಾಡಿ ಕೊಡುತ್ತದೆ, ನಕಲಿಸಿಕೊಂಡರೆ ಸಾಕು. ಕಾಗದದ ಮೇಲೆ ಕೊಂಡಿ ಒತ್ತಲು ಬಾರದಾದ್ದರಿಂದ ವಿಳಾಸವನ್ನು ಪೂರ್ತಿ ಅಚ್ಚು ಹಾಕಿಸಬೇಕಾಯಿತು. ಕೊನೆಯ ಪುಟಕ್ಕೆ 'ಚಿತ್ರಗಳ ಋಣ' ಎಂದು ಹೆಸರಿಟ್ಟೆ. ಪ್ರೆಸ್ಸಿನ ಹುಡುಗ "ಇದನ್ನು ಯಾರು ಓದುತ್ತಾರೆ ಸಾರ್" ಎಂದು ಆ ಪುಟವನ್ನೇ ಹಾರಿಸಿದ್ದ, ಕರಡು ನೋಡುವಾಗ ಸಿಕ್ಕಿಬಿದ್ದ. ಹೆಸರು ಹಾಕದಿದ್ದರೆ ಪರವಾನಗಿಯೇ ರದ್ದು; ತಪ್ಪು ಗೊತ್ತಾಗಿ 30 ದಿನದೊಳಗೆ ಸರಿಪಡಿಸಿದರೆ ಕ್ರಿಯೇಟಿವ್ ಕಾಮನ್ಸ್‌ನ 4.0 ಆವೃತ್ತಿಯ ಪರವಾನಗಿ ಮತ್ತೆ ಊರ್ಜಿತವಾಗುತ್ತದೆ, ಹಳೆಯ 3.0ರಲ್ಲಿ ಆ ಸೌಲಭ್ಯ ಇಲ್ಲ.

ದೂರುಗಳೂ ಇವೆ. 'ಕೊಳೆರೋಗ' ಎಂದು ಕನ್ನಡದಲ್ಲಿ ಹುಡುಕಿ ಬೇಸತ್ತೆ. ಅಡಿಕೆಯ ಸಸ್ಯಶಾಸ್ತ್ರೀಯ ಹೆಸರು ಅರೆಕ ಕಟೆಚು ಎಂದು ಇಂಗ್ಲಿಷಿನಲ್ಲಿ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಅಡಿಕೆ ಎಂಬ ಹಣೆಪಟ್ಟಿ ಹೊತ್ತ ಬೈನೆ ಮರವೂ ಒಂದು ಕಡೆ ಕಂಡಿತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಹುಡುಕಿದರೆ ಬಂದದ್ದು ಫ್ರಾನ್ಸಿನ ದ್ರಾಕ್ಷಿತೋಟಗಳು. ತಪ್ಪೆನ್ನಲಾರೆ, ಆ ದ್ರಾವಣ ಹುಟ್ಟಿದ್ದೇ ಅಲ್ಲಿ. ಆದರೆ ನನಗೆ ಬೇಕಿದ್ದುದು ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಕಲಸುವ ಡ್ರಮ್ಮು! ಇನ್ನೊಂದು ವಿಷಯ: ಏರಿಸಿದವನೇ ಫೋಟೊದ ಒಡೆಯ ಎಂದು ಕಾಮನ್ಸ್ ಖಾತರಿ ಕೊಡುವುದಿಲ್ಲ. ಹಾಗಾಗಿ ಕ್ಯಾಮೆರಾದ ವಿವರ, ಅದೇ ವ್ಯಕ್ತಿಯ ಉಳಿದ ಚಿತ್ರಗಳನ್ನು ನೋಡದೆ ಯಾವುದನ್ನೂ ಇಳಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ಗೊಣಗಿದವನಿಗೆ ಒಂದು ರತ್ನವೂ ಸಿಕ್ಕಿತು: 19ನೇ ಶತಮಾನದ ಜರ್ಮನ್ ಪುಸ್ತಕವೊಂದರ ಅಡಿಕೆ ಮರದ ವರ್ಣಚಿತ್ರ. ಹೂವು, ಹೋಳು ಮಾಡಿದ ಕಾಯಿ, ಎಲ್ಲ ಬಿಡಿಸಿಟ್ಟಿದ್ದಾರೆ. ಹಕ್ಕಿನ ಅವಧಿ ಎಂದೋ ಮುಗಿದು ಸಾರ್ವಜನಿಕ ಸ್ವತ್ತಾಗಿದೆ. ಈಗಿನ ಮುಖಪುಟ ಅದೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಅದರಲ್ಲಿ ಅರ್ಧ ಈ ಚಿತ್ರದ್ದು.

ಎಷ್ಟು ಹುಡುಕಿದರೂ ಸಿಗದಿದ್ದುದು ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಸುವ ಹೊದಿಕೆ, ಕಟ್ಟುವ ಚಿತ್ರ. ಮಳೆ ಹೊಳವಾದ ಒಂದು ದಿನ ನಾನೇ ಕ್ಯಾಮೆರಾ ಹಿಡಿದು ತೋಟಕ್ಕೆ ಹೋದೆ. ಫೋಟೊದ ಪರವಾನಗಿ ಬೇರೆ, ಅದರಲ್ಲಿರುವ ಮನುಷ್ಯನ ಒಪ್ಪಿಗೆ ಬೇರೆ ಎಂದು ಅಷ್ಟರಲ್ಲಿ ಕಲಿತಿದ್ದೆನಾದ್ದರಿಂದ ನಮ್ಮ ಕೊನೆಗಾರನನ್ನು ಕೇಳಿದೆ. "ಮುಖ ಬೇಡ ಮಾರಾಯರೇ, ಕೈ ಮಾತ್ರ ತೆಗೆಯಿರಿ" ಎಂದ. ಕೊಟ್ಟೆ, ಬಳ್ಳಿ, ಒದ್ದೆ ಕೈ ಎರಡು, ಇಷ್ಟೇ ಇರುವ ಫೋಟೊವನ್ನು ಕನ್ನಡದಲ್ಲೇ ವಿವರ ಬರೆದು ಕಾಮನ್ಸ್‌ಗೆ ಏರಿಸಿದ್ದೇನೆ. ಸಾಗರದ ಆ ಛಾಯಾಗ್ರಾಹಕರಿಗೂ ಕೊಂಡಿ ಕಳಿಸಿದೆ. "ಬೆಳಕು ಸಾಲದು" ಎಂದು ಉತ್ತರ ಬಂತು.